ಬೆಟ್ಟದ ತುದಿಯಲ್ಲಿ ಕಡಲಿನ ತಳ: ಟ್ರೂಡೋಸ್ ಪ್ರಕರಣ

ಸೈಪ್ರಸ್ ದ್ವೀಪದಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಟ್ರೂಡೋಸ್ ಬೆಟ್ಟಸಾಲಿನ ಒಲಿಂಪಸ್ ಶಿಖರ. ಎತ್ತರ 1,952 ಮೀಟರ್. ಅಲ್ಲಿ ಪೈನ್ ಮರಗಳ ಬುಡದಲ್ಲಿ ಕಾಲಿಗೆ ಸಿಗುವ ಕಲ್ಲು ನೋಡಲು ಅಂಥ ಚೆಂದವೇನಲ್ಲ. ಹೊರಮೈ ತುಕ್ಕು ಹಿಡಿದ ಕಬ್ಬಿಣದ ಬಣ್ಣ. ಸವರಿದರೆ ತರಿತರಿ, ಏಕೆಂದರೆ ಗಟ್ಟಿ ಹರಳುಗಳು ಸವೆಯದೆ ಹೊರಗೆ ಚಾಚಿಕೊಂಡಿರುತ್ತವೆ. ಸುತ್ತಿಗೆಯಿಂದ ಒಡೆದರೆ ಒಳಗೆ ಕಪ್ಪು ಮಿಶ್ರಿತ ಹಸಿರು, ಅದರ ತುಂಬ ಬಲೆಯಂತೆ ಹೆಣೆದ ನುಣುಪು ಗೆರೆಗಳು. ಈ ಕಲ್ಲು ಹುಟ್ಟಿದ್ದು ಬೆಟ್ಟದಲ್ಲಲ್ಲ. ಕಡಲಿನ ತಳಕ್ಕಿಂತ ಇನ್ನೂ ಹಲವು ಕಿಲೋಮೀಟರ್ ಕೆಳಗೆ, ಭೂಮಿಯ ತೊಗಟೆಗೂ ಕೆಳಗಿನ ಪದರವಾದ ಮ್ಯಾಂಟಲ್‌ನಲ್ಲಿ.

ಶಿಖರದಿಂದ ಬಯಲಿನ ಕಡೆಗೆ ಇಳಿಯುತ್ತಾ ಹೋದರೆ ಇನ್ನೊಂದು ವಿಚಿತ್ರ. ಕಾಲು ಕೆಳಗೆ ಇಳಿಯುತ್ತಿರುತ್ತದೆ, ಕಲ್ಲಿನ ಲೆಕ್ಕದಲ್ಲಿ ನಾವು ಮೇಲೇರುತ್ತಿರುತ್ತೇವೆ. ತುದಿಯಲ್ಲಿ ಮ್ಯಾಂಟಲ್‌ನ ಪೆರಿಡೋಟೈಟ್. ಅದರಿಂದ ಕೆಳಗೆ ಗ್ಯಾಬ್ರೋ; ಶಿಲಾಪಾಕ ಆಳದಲ್ಲೇ ಉಳಿದು, ನಿಧಾನಕ್ಕೆ ತಣಿದು, ದಪ್ಪ ಹರಳು ಕಟ್ಟಿದರೆ ಗ್ಯಾಬ್ರೋ ಆಗುತ್ತದೆ. ಇನ್ನೂ ಕೆಳಗೆ ನೆಟ್ಟಗೆ ನಿಲ್ಲಿಸಿದ ಹಲಗೆಗಳಂಥ ಡೈಕ್‌ಗಳು. ಬೆಟ್ಟದ ಬುಡಕ್ಕೆ ಬಂದಾಗ ದಿಂಬು ಲಾವಾ, ಅಂದರೆ ಕಡಲ ನೀರಿಗೆ ಉಕ್ಕಿ ದಿಂಬುಗಳ ಹಾಗೆ ಗಟ್ಟಿಯಾದ ಲಾವಾ. ಅದರಾಚೆ ಕಡಲ ತಳದಲ್ಲಿ ಕೂತಿದ್ದ ಕೆಸರು ಮತ್ತು ಸೀಮೆಸುಣ್ಣದಂಥ ಬಿಳಿ ಕಲ್ಲು. ಈರುಳ್ಳಿಯ ಉಬ್ಬಿದ ಭಾಗವನ್ನು ಮೇಲಿಂದ ಹೆರೆದರೆ ಒಳಗಿನ ಪದರ ನಡುವೆ, ಹೊರಗಿನ ಪದರ ಸುತ್ತ ಕಾಣಿಸುತ್ತದಲ್ವಾ, ಹಾಗೆ.

ಹೀಗೆ ಉಬ್ಬಲು ಕಾರಣಗಳು ಎರಡು. ಮ್ಯಾಂಟಲ್ ಕಲ್ಲಿಗೆ ನೀರು ಸೇರಿದರೆ ಅದು ಸರ್ಪೆಂಟಿನೈಟ್ ಆಗುತ್ತದೆ, ಊದಿಕೊಳ್ಳುತ್ತದೆ, ಹಗುರಾಗಿ ಮೇಲೆ ಬರುತ್ತದೆ. ಜೊತೆಗೆ ದಕ್ಷಿಣದಿಂದ ಎರಟಾಸ್ತನೀಸ್ ಎಂಬ ಮುಳುಗಿದ ಕಡಲಬೆಟ್ಟ ಬಂದು ಸೈಪ್ರಸ್ಸಿನ ಅಡಿಗೆ ತಳ್ಳುತ್ತಿದೆ.

ಇಂಥ ಕಲ್ಲುಸಾಲಿಗೆ ಓಫಿಯೋಲೈಟ್ ಎನ್ನುತ್ತಾರೆ. ಗ್ರೀಕ್‌ನಲ್ಲಿ ಓಫಿಸ್ ಎಂದರೆ ಹಾವು. ಸರ್ಪೆಂಟಿನೈಟ್‌ನ ಹಾವಿನ ಪೊರೆಯಂಥ ಮೈಯಿಂದ ಬಂದ ಹೆಸರು. ಓಮಾನ್‌ನಲ್ಲಿ ಇದಕ್ಕಿಂತ ಎಷ್ಟೋ ದೊಡ್ಡ ಓಫಿಯೋಲೈಟ್ ಇದೆ. ಆದರೂ ನಾನು ಟ್ರೂಡೋಸ್‌ನ ಪ್ರಕರಣವನ್ನೇ ಆರಿಸಿಕೊಂಡೆ. ಕಾರಣ ಇಷ್ಟೇ: ಇಲ್ಲಿ ಒಂದೇ ಬೆಟ್ಟದ ಕಲ್ಲನ್ನು ನೋಡಿ ಎರಡು ಗುಂಪುಗಳು ಎರಡು ತೀರ್ಮಾನಕ್ಕೆ ಬಂದವು. ಎರಡೂ ಗುಂಪುಗಳು ಕಲ್ಲನ್ನು ಸರಿಯಾಗಿಯೇ ಓದಿದ್ದವು. ಆದರೂ ವರ್ಷಗಟ್ಟಲೆ ಜಗಳ ನಡೆಯಿತು.

ಪ್ರಶ್ನೆ ಎಲ್ಲಿಂದ ಬಂತು

1950ರ ದಶಕದಲ್ಲಿ ಸೈಪ್ರಸ್ ಇನ್ನೂ ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿನ ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆ ದ್ವೀಪದ ನಕ್ಷೆ ಮಾಡಿಸುತ್ತಿತ್ತು. ತಾಮ್ರ, ಕ್ರೋಮೈಟ್, ಆಸ್ಬೆಸ್ಟಾಸ್ ಎಲ್ಲವೂ ಈ ಬೆಟ್ಟಗಳಲ್ಲೇ ಇದ್ದವು, ಹಾಗಾಗಿ ನಕ್ಷೆಯ ಅಗತ್ಯವೂ ಇತ್ತು. ಆ ಕೆಲಸ ಮಾಡಿದವರಲ್ಲಿ ಇಯಾನ್ ಗ್ಯಾಸ್ ಒಬ್ಬರು. ಆಮೇಲೆ ಲೀಡ್ಸ್ ವಿಶ್ವವಿದ್ಯಾಲಯಕ್ಕೆ ಹೋದರು, 1969ರಲ್ಲಿ ಓಪನ್ ಯೂನಿವರ್ಸಿಟಿಯ ಭೂವಿಜ್ಞಾನ ವಿಭಾಗ ಕಟ್ಟಿದರು.

ನಕ್ಷೆ ಮಾಡುತ್ತಿದ್ದವರಿಗೆ ತಲೆನೋವಾಗಿದ್ದು ಡೈಕ್‌ಗಳು. ನೆಲದ ಬಿರುಕಿಗೆ ಶಿಲಾಪಾಕ ನುಗ್ಗಿ ಅಲ್ಲೇ ಗಟ್ಟಿಯಾದರೆ ಅದು ಡೈಕ್. ಜಗತ್ತಿನಲ್ಲಿ ಡೈಕ್‌ಗಳಿಗೇನೂ ಬರವಿಲ್ಲ. ಆದರೆ ಬೇರೆ ಕಡೆ ಒಂದು ಡೈಕ್‌ಗೂ ಇನ್ನೊಂದಕ್ಕೂ ನಡುವೆ ಹಳೆಯ ಕಲ್ಲು ಇರುತ್ತದೆ. ಗೋಡೆ ಇದ್ದರೆ ತಾನೇ ಬಿರುಕು? ಟ್ರೂಡೋಸ್‌ನಲ್ಲಿ ಆ ಗೋಡೆಯೇ ಕಾಣೆ. ಡೈಕ್ ಪಕ್ಕ ಡೈಕ್, ಅದರ ಪಕ್ಕ ಮತ್ತೊಂದು ಡೈಕ್. ಕಪಾಟಿನಲ್ಲಿ ಒತ್ತೊತ್ತಾಗಿ ನಿಲ್ಲಿಸಿದ ಪುಸ್ತಕಗಳ ಹಾಗೆ, ಒಂದೊಂದೂ ಸಾಮಾನ್ಯವಾಗಿ ಒಂದೆರಡು ಮೀಟರ್ ದಪ್ಪ, ಹತ್ತಾರು ಕಿಲೋಮೀಟರ್ ಉದ್ದಕ್ಕೂ. 1959ರಲ್ಲಿ ಪ್ರಕಟವಾದ ಸರ್ವೇಕ್ಷಣೆಯ ವರದಿಯಲ್ಲಿ ಇದರ ವಿವರ ಚೆನ್ನಾಗಿಯೇ ಇದೆ. ಅರ್ಥ ಮಾತ್ರ ಹೊಳೆದಿರಲಿಲ್ಲ. ಅದು ಅವರ ತಪ್ಪಲ್ಲ. ಅರ್ಥ ಮಾಡಿಕೊಳ್ಳಲು ಬೇಕಾದ ಸಿದ್ಧಾಂತ ಆಗ ಹುಟ್ಟೇ ಇರಲಿಲ್ಲ.

1963ರಲ್ಲಿ ಎರಡು ಸಂಗತಿ ನಡೆದವು. ಗ್ಯಾಸ್ ಮತ್ತು ಮ್ಯಾಸನ್-ಸ್ಮಿತ್ ಟ್ರೂಡೋಸ್‌ನ ಗುರುತ್ವ ಅಳತೆಗಳನ್ನು ಪ್ರಕಟಿಸಿದರು. ಬೆಟ್ಟದ ಕೆಳಗೆ ತುಂಬ ಭಾರದ ಕಲ್ಲಿನ ದೊಡ್ಡ ಹಾಳೆ ಇದೆ ಎಂದು ಅದು ತೋರಿಸಿತು. ಅದೇ ವರ್ಷ ಕೇಂಬ್ರಿಡ್ಜ್‌ನಲ್ಲಿ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ ಕಡಲ ತಳದ ಕಾಂತೀಯ ಪಟ್ಟಿಗಳಿಗೆ ವಿವರಣೆ ಕೊಟ್ಟರು. ನಡುಸಾಗರದ ಪರ್ವತಸಾಲಿನಲ್ಲಿ ಹೊಸ ತೊಗಟೆ ಹುಟ್ಟುತ್ತದೆ, ಎರಡೂ ಕಡೆಗೆ ಸರಿದು ಹೋಗುತ್ತದೆ, ಹೋಗುವಾಗ ಆ ಕಾಲದ ಕಾಂತದಿಕ್ಕಿನ ಮುದ್ರೆಯನ್ನು ಹೊತ್ತುಕೊಂಡು ಹೋಗುತ್ತದೆ.

ಈ ಎರಡನ್ನೂ ಜೋಡಿಸಿದರೆ ಡೈಕ್ ಒಗಟು ಬಿಡಿಸಿಕೊಳ್ಳುತ್ತದೆ. ಬಿರುಕು ಬಿಡುತ್ತಲೇ ಇರುವ ಜಾಗದಲ್ಲಿ, ಪ್ರತಿ ಬಿರುಕನ್ನೂ ಡೈಕ್ ತುಂಬುತ್ತಾ ಹೋದರೆ, ಕೊನೆಗೆ ಉಳಿಯುವುದು ಬರೀ ಡೈಕ್. 1968ರಲ್ಲಿ ಗ್ಯಾಸ್ ‘ನೇಚರ್’ ಪತ್ರಿಕೆಯಲ್ಲಿ ಬರೆದ ಲೇಖನದ ತಲೆಬರಹವೇ ಒಂದು ಪ್ರಶ್ನೆ: ಸೈಪ್ರಸ್ಸಿನ ಟ್ರೂಡೋಸ್ ಬೆಟ್ಟ ಮೀಸೋಜೋಯಿಕ್ (ಡೈನೋಸಾರ್ ಇದ್ದ) ಕಾಲದ ಕಡಲ ತಳದ ಒಂದು ತುಣುಕೇ?

ಆಗ ಇಂಥ ತುಣುಕಿನ ಬೆಲೆ ಎಷ್ಟಿತ್ತು ಎಂದು ತಿಳಿಯಲು ಒಂದು ಹೋಲಿಕೆ ಸಾಕು. 1961ರಲ್ಲಿ ಅಮೆರಿಕದವರು ಮೋಹೋಲ್ ಯೋಜನೆ ಎಂದು ಹಡಗಿನಿಂದ ಮ್ಯಾಂಟಲ್‌ವರೆಗೆ ಕೊರೆಯಲು ಹೊರಟಿದ್ದರು. ಮೆಕ್ಸಿಕೋದ ಗ್ವಾಡಲೂಪ್ ದ್ವೀಪದ ಬಳಿ, ಸುಮಾರು ಮೂರೂವರೆ ಕಿಲೋಮೀಟರ್ ಆಳದ ನೀರಿನ ಕೆಳಗೆ, ಅವರು ಕೊರೆದದ್ದು 183 ಮೀಟರ್. ಅದರಲ್ಲಿ ಲಾವಾ ತಣಿದು ಆದ ಬಸಾಲ್ಟ್ ಕಲ್ಲು ಸಿಕ್ಕಿದ್ದು ಕೊನೆಯ ಕೆಲವೇ ಮೀಟರ್. 1966ರಲ್ಲಿ ಹಣ ನಿಂತಿತು, ಯೋಜನೆಯೂ ನಿಂತಿತು. ಸಾಗರ ತೊಗಟೆಯ ದಪ್ಪ ಆರೇಳು ಕಿಲೋಮೀಟರ್. ಅದನ್ನೆಲ್ಲ ಟ್ರೂಡೋಸ್‌ನಲ್ಲಿ ನಡೆದುಕೊಂಡೇ ನೋಡಬಹುದು ಅಂದರೆ ಯಾರು ಬಿಟ್ಟಾರು?

ಅರ್ಧ ಡೈಕಿನ ಲೆಕ್ಕ

ಗ್ಯಾಸ್ ಕೇಳಿದ ಪ್ರಶ್ನೆಗೆ ಹೌದು ಎಂದು ಉತ್ತರ ಹೇಳಿದವರು ಎಲ್ಡ್ರಿಜ್ ಮೂರ್ಸ್ ಮತ್ತು ಫ್ರೆಡ್ ವೈನ್. ಮೂರ್ಸ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನವರು, ಗ್ರೀಸ್‌ನ ವೂರಿನೋಸ್ ಓಫಿಯೋಲೈಟ್ ಮೇಲೆ ಪಿಎಚ್‌ಡಿ ಮಾಡಿದ್ದವರು. ವೈನ್, ಮೇಲೆ ಹೇಳಿದ ಅದೇ ಕಾಂತೀಯ ಪಟ್ಟಿಯ ವೈನ್. ಕಲ್ಲು ಬಲ್ಲವರೊಬ್ಬರು, ಕಡಲ ತಳ ಬಲ್ಲವರೊಬ್ಬರು. 1971ರಲ್ಲಿ ಬಂದ ಅವರ ಲೇಖನ ಪದರ ಪದರವಾಗಿ ಟ್ರೂಡೋಸನ್ನು ಸಾಗರ ತೊಗಟೆಗೆ ಹೊಂದಿಸಿ ತೋರಿಸಿತು. ಟ್ರೂಡೋಸ್‌ನ ಕಾಂತದಿಕ್ಕು ಉತ್ತರಕ್ಕಲ್ಲ, ಪಶ್ಚಿಮಕ್ಕೆ ತಿರುಗಿದೆ ಎಂಬುದನ್ನೂ ಅವರು ಗಮನಿಸಿದರು. ಅಂದರೆ ಇಡೀ ತುಂಡು ಅಪ್ರದಕ್ಷಿಣವಾಗಿ ಸುಮಾರು 90 ಡಿಗ್ರಿ ತಿರುಗಿ ಕೂತಿದೆ. ಇಂದು ಬಹುಪಾಲು ಉತ್ತರ-ದಕ್ಷಿಣವಾಗಿ ನಿಂತಿರುವ ಡೈಕ್‌ಗಳು ಹುಟ್ಟುವಾಗ ಪೂರ್ವ-ಪಶ್ಚಿಮವಾಗಿದ್ದವು.

ಈ ಪ್ರಕರಣದಲ್ಲಿ ನನಗೆ ತುಂಬ ಇಷ್ಟವಾಗುವ ಪುರಾವೆ ಇದಾದ ಮೂರು ವರ್ಷಕ್ಕೆ ಬಂತು. ಅದಕ್ಕೆ ಯಂತ್ರ ಬೇಡ, ಪ್ರಯೋಗಾಲಯ ಬೇಡ. ಕಣ್ಣು, ನೋಟ್‌ಬುಕ್, ತಾಳ್ಮೆ ಸಾಕು.

ಶಿಲಾಪಾಕ ಬಿರುಕಿಗೆ ನುಗ್ಗಿದಾಗ ಎರಡೂ ಬದಿಯ ತಣ್ಣನೆಯ ಗೋಡೆಗೆ ತಾಗಿದ ಭಾಗ ತಟ್ಟನೆ ತಣಿಯುತ್ತದೆ. ಹರಳು ಬೆಳೆಯಲು ಸಮಯವೇ ಸಿಗುವುದಿಲ್ಲ. ಹಾಗಾಗಿ ಡೈಕಿನ ಎರಡೂ ಅಂಚು ಕಪ್ಪಗೆ, ನಯವಾಗಿ ಇರುತ್ತವೆ. ನಡುಭಾಗ ನಿಧಾನಕ್ಕೆ ತಣಿದು ಒರಟಾಗಿರುತ್ತದೆ. ಬರಿಗಣ್ಣಿಗೇ ಕಾಣುವಷ್ಟು ವ್ಯತ್ಯಾಸ. ಈಗ ಮುಂದಿನ ಬಿರುಕು ಎಲ್ಲಿ ಬಿಡುತ್ತದೆ ಯೋಚಿಸಿ. ಇನ್ನೂ ಬಿಸಿಯಾಗಿ, ಮೆತ್ತಗೆ ಇರುವ ಜಾಗ ಹೊಸ ಡೈಕಿನ ನಟ್ಟನಡುವೆ. ಅಲ್ಲೇ ಸೀಳುತ್ತದೆ. ಹಳೆಯ ಡೈಕ್ ಎರಡು ಹೋಳಾಗಿ ಒಂದು ಎಡಕ್ಕೆ, ಒಂದು ಬಲಕ್ಕೆ ಸರಿಯುತ್ತದೆ. ಎಡಕ್ಕೆ ಹೋದ ಹೋಳಿಗೆ ಎಡ ಅಂಚು ಮಾತ್ರ ನಯ. ಬಲಕ್ಕೆ ಹೋದದ್ದಕ್ಕೆ ಬಲ ಅಂಚು ಮಾತ್ರ. ಹರಿದ ನೋಟಿನ ಅರ್ಧದ ಹಾಗೆ, ಇನ್ನರ್ಧ ಎಲ್ಲೋ ಹತ್ತಾರು ಕಿಲೋಮೀಟರ್ ಆಚೆ.

ಬಿರುಕು ಪ್ರತಿ ಸಲವೂ ಸರಿಯಾಗಿ ನಡುವೆಯೇ ಬೀಳುವುದಿಲ್ಲ. ಆದ್ದರಿಂದ ಒಂದು ಡೈಕ್ ನೋಡಿ ಏನನ್ನೂ ಹೇಳಲಾಗದು. ನೂರಾರು ಎಣಿಸಬೇಕು. ಕಿಡ್ ಮತ್ತು ಕ್ಯಾನ್ ಎಂಬ ಇಬ್ಬರು ಅದನ್ನೇ ಮಾಡಿದರು. ಒಂದೇ ಅಂಚು ಉಳಿದಿರುವ ಡೈಕ್‌ಗಳನ್ನು ಹುಡುಕಿ, ಆ ಅಂಚು ಯಾವ ಕಡೆಗಿದೆ ಎಂದು ಒಂದೊಂದಾಗಿ ಬರೆದುಕೊಂಡರು. ಎರಡೂ ಕಡೆ ಸಮಸಮ ಬಂದಿದ್ದರೆ ಅದರಿಂದ ಏನೂ ತಿಳಿಯುತ್ತಿರಲಿಲ್ಲ. ಲೆಕ್ಕ ಒಂದು ಕಡೆಗೆ ವಾಲಿತು. 1974ರಲ್ಲಿ ಪ್ರಕಟಿಸಿದರು: ಇದು ಕಡಲತಳ ಹರಡಿದ್ದರ ಗುರುತು.

ಇಷ್ಟರೊಳಗೆ ಇನ್ನೊಂದು ಘಟನೆ ಆಗಿಹೋಗಿತ್ತು. 1972ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ನಡೆದ ಪೆನ್‌ರೋಸ್ ಸಮ್ಮೇಳನದಲ್ಲಿ ಓಫಿಯೋಲೈಟ್ ಎಂದರೆ ಏನು ಎಂದು ಎಲ್ಲರೂ ಸೇರಿ ಒಂದು ವ್ಯಾಖ್ಯೆ ಬರೆದರು. ಕೆಳಗಿನಿಂದ ಮೇಲಕ್ಕೆ: ಪೆರಿಡೋಟೈಟ್, ಗ್ಯಾಬ್ರೋ, ಡೈಕ್ ಗುಂಪು, ದಿಂಬು ಲಾವಾ. ಇದೇ ಕ್ರಮ ಟ್ರೂಡೋಸ್‌ನಲ್ಲಿ ಅಚ್ಚುಕಟ್ಟಾಗಿ ಕಾಣುತ್ತದೆ. ಹೀಗೆ ಸೈಪ್ರಸ್ಸಿನ ಒಂದು ಬೆಟ್ಟ ಎಲ್ಲ ಸಾಗರಗಳ ತಳಕ್ಕೂ ಮಾದರಿಯಾಯಿತು. ಪಠ್ಯಪುಸ್ತಕದಲ್ಲಿ ಸಾಗರ ತೊಗಟೆಯ ಚಿತ್ರ ಎಂದು ಇಂದಿಗೂ ಬರುವ ಪದರಗಳ ಕಂಬ ಇದೆಯಲ್ಲ, ಅದರಲ್ಲಿ ಟ್ರೂಡೋಸ್‌ನ ಪಾಲು ದೊಡ್ಡದು.

ಮಿಯಾಶಿರೋ ಕೊಟ್ಟ ಏಟು

ವ್ಯಾಖ್ಯೆಯ ಶಾಯಿ ಆರುವ ಮುಂಚೆಯೇ, 1973ರಲ್ಲಿ, ಅಕಿಹೋ ಮಿಯಾಶಿರೋ ಒಂದು ಲೇಖನ ಬರೆದರು. ಜಪಾನಿನವರು, ಆಗ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ಆಲ್ಬನಿಯಲ್ಲಿದ್ದರು. ರೂಪಾಂತರ ಶಿಲೆಗಳ ಅಧ್ಯಯನದಲ್ಲಿ ಅಷ್ಟರಲ್ಲೇ ದೊಡ್ಡ ಹೆಸರು. ಲೇಖನದ ತಲೆಬರಹದ ಅರ್ಥ: ಟ್ರೂಡೋಸ್ ಓಫಿಯೋಲೈಟ್ ಬಹುಶಃ ಒಂದು ದ್ವೀಪಕಮಾನಿನಲ್ಲಿ ಹುಟ್ಟಿದ್ದು. ಗ್ಯಾಸ್ ತಲೆಬರಹದಲ್ಲಿ ಪ್ರಶ್ನಾರ್ಥಕ ಚಿಹ್ನೆ, ಮಿಯಾಶಿರೋ ತಲೆಬರಹದಲ್ಲಿ ‘ಬಹುಶಃ’. ಇಬ್ಬರೂ ಎಚ್ಚರಿಕೆಯಿಂದಲೇ ಬರೆದವರು. ಓದಿದವರು ಮಾತ್ರ ಆ ಎಚ್ಚರಿಕೆಯನ್ನು ಅಲ್ಲೇ ಬಿಟ್ಟುಬಂದರು ಅನ್ನಿಸುತ್ತದೆ.

ದ್ವೀಪಕಮಾನು ಎಂದರೆ ಜಪಾನ್, ಟೋಂಗಾ, ಮರಿಯಾನಾ ತರಹದ ಜ್ವಾಲಾಮುಖಿ ದ್ವೀಪಗಳ ಬಾಗಿದ ಸಾಲು. ಅಲ್ಲಿ ಭೂಮಿಯ ಹೊರಚಿಪ್ಪಿನ ಒಂದು ಫಲಕ ಇನ್ನೊಂದರ ಅಡಿಗೆ ನುಗ್ಗುತ್ತದೆ. ಕೆಳಗೆ ಹೋದ ಫಲಕ ಬಿಸಿಯಾಗಿ ನೀರು ಬಿಡುತ್ತದೆ. ಆ ನೀರು ಮೇಲಿನ ಮ್ಯಾಂಟಲ್‌ಗೆ ಸೇರಿದರೆ ಕಲ್ಲು ಸುಲಭವಾಗಿ ಕರಗುತ್ತದೆ. ನಡುಸಾಗರದಲ್ಲಿ ಕತೆ ಬೇರೆ. ಅಲ್ಲಿ ಮ್ಯಾಂಟಲ್ ಮೇಲೇರುವಾಗ ಒತ್ತಡ ಇಳಿದು ತಾನಾಗಿಯೇ ಸ್ವಲ್ಪ ಕರಗುತ್ತದೆ. ಒಂದು ಒದ್ದೆ ಅಡುಗೆ, ಒಂದು ಒಣ ಅಡುಗೆ. ಬರುವ ಲಾವಾದ ರುಚಿ ಒಂದೇ ಆಗಿರುವುದಿಲ್ಲ.

ಮಿಯಾಶಿರೋ ಟ್ರೂಡೋಸ್ ಲಾವಾದಲ್ಲಿ ಸಿಲಿಕಾ ಎಷ್ಟಿದೆ, ಕಬ್ಬಿಣಕ್ಕೂ ಮೆಗ್ನೀಸಿಯಮ್‌ಗೂ ಅನುಪಾತ ಎಷ್ಟು ಎಂದು ನೋಡಿದರು. ಸುಮಾರು ಮೂರನೇ ಒಂದು ಭಾಗ ಮಾದರಿಗಳು ದ್ವೀಪಕಮಾನಿನ ಲಾವಾದ ಗುಂಪಿಗೆ ಬಿದ್ದವು. ನಡುಸಾಗರದಲ್ಲಿ ಅಂಥದ್ದು ಸಿಗುವುದಿಲ್ಲ ಎಂಬುದು ಅವರ ವಾದ.

ಉತ್ತರಗಳು ಒಂದರ ಹಿಂದೊಂದು ಬಂದವು. ಬಿಸಿಯೂ ಇತ್ತು. ಎದುರಾಳಿಗಳ ಮೊದಲ ಮಾತು: ಈ ಲಾವಾ ಹುಟ್ಟಿದಾಗಿನಿಂದ ಬಿಸಿ ಕಡಲನೀರಿನಲ್ಲಿ ನೆಂದಿದೆ. ಸಿಲಿಕಾ, ಸೋಡಿಯಂ, ಪೊಟ್ಯಾಸಿಯಂ ಎಲ್ಲ ಒಳಗೆ ಹೊರಗೆ ಓಡಾಡಿವೆ. ಈಗ ಅಳೆದರೆ ಸಿಗುವುದು ಹುಟ್ಟುಗುಣವಲ್ಲ, ನೀರು ಬದಲಿಸಿದ ಗುಣ. ಎರಡನೆಯ ಮಾತು ಇನ್ನೂ ಗಟ್ಟಿ: ದ್ವೀಪಕಮಾನು ಅಂದರೆ ಶಂಕುವಿನಾಕಾರದ ಜ್ವಾಲಾಮುಖಿಗಳು. ಅಲ್ಲಿ ಡೈಕ್ ಪಕ್ಕ ಡೈಕ್ ಹೇಗೆ ಬಂತು? ನೆಲ ಹರಡದೆ ಅದು ಸಾಧ್ಯವೇ ಇಲ್ಲ.

ಮೊದಲ ಆಕ್ಷೇಪ ನ್ಯಾಯವಾದದ್ದು. ಮಿಯಾಶಿರೋ ಬಳಸಿದ ಅಳತೆಗೋಲು ನಿಜಕ್ಕೂ ಮೆತ್ತಗಿತ್ತು. ಎರಡನೆಯದರಲ್ಲಿ ಮಾತ್ರ ಒಂದು ಗುಂಡಿ ಇತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ಕಲ್ಲಿನ ಬದಲು ಗಾಜು

ನೀರು ಬದಲಿಸಿದ ಕಲ್ಲಿನಿಂದ ಹುಟ್ಟುಗುಣ ತಿಳಿಯಲು ಎರಡು ದಾರಿ. ನೀರಿಗೆ ಜಗ್ಗದ ಮೂಲವಸ್ತುಗಳನ್ನು ಅಳೆಯಬೇಕು. ಇಲ್ಲವೇ ನೀರು ಮುಟ್ಟದ ಚೂರನ್ನು ಹುಡುಕಬೇಕು.

ಮೊದಲ ದಾರಿ ತೆರೆದವರು ಜೂಲಿಯನ್ ಪಿಯರ್ಸ್ ಮತ್ತು ಜೋ ಕ್ಯಾನ್. ಹೌದು, ಡೈಕ್ ಎಣಿಸಿದ ಅದೇ ಕ್ಯಾನ್. ಟೈಟಾನಿಯಂ, ಜಿರ್ಕೋನಿಯಂ, ಇಟ್ರಿಯಂ ಇಂಥವು ಬಿಸಿನೀರಿನಲ್ಲಿ ಸುಲಭಕ್ಕೆ ಕರಗಿ ಹೋಗುವುದಿಲ್ಲ. ಅವುಗಳ ಪ್ರಮಾಣ ನೋಡಿ ಬಸಾಲ್ಟ್ ಎಲ್ಲಿ ಹುಟ್ಟಿತು ಎಂದು ಗುರುತಿಸುವ ವಿಧಾನವನ್ನು ಅವರು 1973ರಲ್ಲೇ ಪ್ರಕಟಿಸಿದರು. ಪಿಯರ್ಸ್ ಅದನ್ನು ಟ್ರೂಡೋಸ್ ಮೇಲೆ ಬಳಸಿದಾಗ ಬಂದ ಉತ್ತರ ಮಿಯಾಶಿರೋ ಕಡೆಗೆ ವಾಲಿತು. ಅಳತೆಗೋಲು ಮೆತ್ತಗಿದ್ದರೂ ಅವರ ಗುರಿ ತಪ್ಪಿರಲಿಲ್ಲ.

ಎರಡನೆಯ ದಾರಿ ಇನ್ನೂ ಸೊಗಸು. ಲಾವಾ ಕಡಲ ನೀರಿಗೆ ಉಕ್ಕಿದಾಗ ಹೊರಮೈ ಕ್ಷಣದಲ್ಲಿ ಹೆಪ್ಪುಗಟ್ಟಿ ಗಾಜಾಗುತ್ತದೆ. ಅದೇ ದಿಂಬಿನ ಚರ್ಮ. ಟ್ರೂಡೋಸ್‌ನ ಉತ್ತರದ ಬುಡದಲ್ಲಿ ಅಕಾಕಿ ಎಂಬ ಹೊಳೆ ಕೊರೆದ ಕಣಿವೆ ಇದೆ. ಅದರ ಗೋಡೆಯಲ್ಲಿ ದಿಂಬುಗಳು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಕಾಣುತ್ತವೆ. ಮೇಲಿನ ದಿಂಬು ಕೆಳಗಿನ ಎರಡರ ನಡುವಿನ ಸಂದಿಗೆ ಬಾಗಿ ಕೂತಿರುತ್ತದೆ. ಅಡ್ಡಕ್ಕೆ ಸೀಳಿದ ದಿಂಬಿನಲ್ಲಿ ಗಾಡಿಚಕ್ರದ ಅರಗಳಂತೆ ಬಿರುಕು. ಅಂಚಿನಲ್ಲಿ ಬೆರಳು ದಪ್ಪವೂ ಇಲ್ಲದ ಕಪ್ಪು ಪಟ್ಟಿ. ಸಾಮಾನ್ಯವಾಗಿ ಇಷ್ಟು ಹಳೆಯ ಗಾಜು ಉಳಿಯುವುದಿಲ್ಲ, ನಿಧಾನಕ್ಕೆ ಮಣ್ಣಾಗಿಬಿಡುತ್ತದೆ. ಟ್ರೂಡೋಸ್‌ನ ವಯಸ್ಸು ಸುಮಾರು 9.1 ಕೋಟಿ ವರ್ಷ. ಆದರೂ ಕೆಲವು ಕಡೆ ಗಾಜು ಹೊಸದರಂತೆ ಮಿಂಚುತ್ತದೆ.

ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದ ಪಾಲ್ ರಾಬಿನ್ಸನ್ ಮತ್ತು ಜೊತೆಗಾರರು ಈ ಗಾಜನ್ನು ಹೆಕ್ಕಿ ತೆಗೆದು ಅಳೆದರು. 1983ರಲ್ಲಿ ಫಲಿತಾಂಶ ಬಂತು. ಕೆಳಗಿನ ಲಾವಾಗಳು ದ್ವೀಪಕಮಾನಿನ ತರಹ. ಮೇಲಿನವು ಬೋನಿನೈಟ್‌ಗೆ, ಅಂದರೆ ನೀರು ಸೇರಿದ ಮ್ಯಾಂಟಲ್ ಕರಗಿ ಬರುವ ಒಂದು ಬಗೆಯ ಲಾವಾಕ್ಕೆ, ಹತ್ತಿರ. ಟೈಟಾನಿಯಂ ತೀರಾ ಕಡಿಮೆ. ನೀರಿನಂಶ ನೋಡಿದವರಿಗೆ ಅದು ನಡುಸಾಗರದ ಗಾಜಿಗಿಂತ ಹಲವು ಪಟ್ಟು ಜಾಸ್ತಿ ಕಂಡಿತು. ಒದ್ದೆ ಅಡುಗೆಯೇ. ‘ಕಡಲನೀರು ಬದಲಿಸಿದೆ’ ಎಂಬ ಹಳೆಯ ಆಕ್ಷೇಪ ಇಲ್ಲಿ ನಡೆಯುವುದಿಲ್ಲ.

ಇದೇ ಕಾಲಕ್ಕೆ, 1982ರಿಂದ, ಹಲವು ದೇಶಗಳ ವಿಶ್ವವಿದ್ಯಾಲಯಗಳು ಸೇರಿ ಸೈಪ್ರಸ್‌ನಲ್ಲಿ ಕೊಳವೆ ಕೊರೆದವು. ಲಾವಾಕ್ಕೆ ಅಕಾಕಿ ಕಣಿವೆಯಲ್ಲಿ, ಅದಿರಿಗೆ ಅಗ್ರೋಕಿಪಿಯಾದಲ್ಲಿ, ಆಳಕ್ಕೆ ಪಾಲೆಖೋರಿ ಬಳಿ. ಆ ಕೊನೆಯದು 2,263 ಮೀಟರ್ ಇಳಿಯಿತು, ಡೈಕ್‌ಗಳಲ್ಲಿ ಶುರುವಾಗಿ ಗ್ಯಾಬ್ರೋ ಒಳಕ್ಕೆ. ಹೋಲಿಕೆಗೆ ಹೇಳುವುದಾದರೆ, ಹಡಗಿನಿಂದ ಕೊರೆದು ನಿಜವಾದ ಸಾಗರದಲ್ಲಿ ಡೈಕ್ ದಾಟಿ ಕೆಳಗಿನ ಗ್ಯಾಬ್ರೋ ಮುಟ್ಟಲು 2005ರ ಕೊನೆಯವರೆಗೆ ಕಾಯಬೇಕಾಯಿತು. ಅದು ಪೆಸಿಫಿಕ್‌ನ 1256ಡಿ ಎಂಬ ಕೊಳವೆ.

ಇಬ್ಬರೂ ಒಪ್ಪಿಕೊಂಡಿದ್ದ ಮಾತು

ಈಗ ಆ ಗುಂಡಿಯ ವಿಷಯ. ಡೈಕ್ ನೋಡಿದವರು ಹೇಳಿದ್ದು: ನೆಲ ಹರಡಿದೆ, ಆದ್ದರಿಂದ ಇದು ನಡುಸಾಗರ. ರಸಾಯನ ನೋಡಿದವರು ಹೇಳಿದ್ದು: ಕೆಳಗೆ ಫಲಕ ನುಗ್ಗುತ್ತಿತ್ತು, ಆದ್ದರಿಂದ ಇದು ದ್ವೀಪಕಮಾನು. ಎರಡೂ ವಾಕ್ಯಗಳ ಮೊದಲರ್ಧ ಸರಿ. ಎಡವಟ್ಟು ಇರುವುದು ‘ಆದ್ದರಿಂದ’ ಎಂಬಲ್ಲಿ. ನೆಲ ಹರಡುವುದು ನಡುಸಾಗರದಲ್ಲಿ ಮಾತ್ರ ಎಂದು ಎರಡೂ ಕಡೆಯವರು ಸುಮ್ನೆ ಒಪ್ಪಿಕೊಂಡುಬಿಟ್ಟಿದ್ದರು. ಅದನ್ನು ಯಾರೂ ವಾದಿಸಿ ಗೆದ್ದಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ.

ಉತ್ತರ ಕಣ್ಣೆದುರೇ ಇತ್ತು ಎನ್ನುವುದು ಸ್ವಲ್ಪ ನಗು ತರಿಸುತ್ತದೆ. 1970–71ರಲ್ಲೇ ಡ್ಯಾನ್ ಕ್ಯಾರಿಗ್ ಟೋಂಗಾ, ಮರಿಯಾನಾ ದ್ವೀಪಗಳ ಹಿಂದಿನ ಕಡಲು ಬಿರುಕು ಬಿಟ್ಟು ಅಗಲವಾಗುತ್ತಿದೆ ಎಂದು ತೋರಿಸಿದ್ದರು. ಫಲಕ ಒಳನುಗ್ಗುವ ಜಾಗದ ಮೇಲೆಯೇ ನೆಲ ಹರಡಬಹುದು! ಅಂದರೆ ಡೈಕ್‌ಗಳೂ ಬರಬಹುದು, ಒದ್ದೆ ಲಾವಾವೂ ಬರಬಹುದು, ಒಂದೇ ಜಾಗದಲ್ಲಿ.

ಈ ಎರಡು ಎಳೆಗಳನ್ನು ಸೇರಿಸಿ ಹೆಸರು ಕೊಟ್ಟದ್ದು 1984ರಲ್ಲಿ ಪಿಯರ್ಸ್, ಲಿಪ್ಪರ್ಡ್ ಮತ್ತು ರಾಬರ್ಟ್ಸ್. ಫಲಕ ಒಳನುಗ್ಗುವ ವಲಯದ ಮೇಲೆ ಹುಟ್ಟಿದ ಓಫಿಯೋಲೈಟ್ ಎಂಬ ಬೇರೆಯೇ ವರ್ಗವನ್ನು ಅವರು ಮುಂದಿಟ್ಟರು. ಈ ಆಲೋಚನೆ ಬೆಳೆದದ್ದು ಓಪನ್ ಯೂನಿವರ್ಸಿಟಿಯ ಓಮಾನ್ ಯೋಜನೆಯ ಸುತ್ತ. ಆ ಯೋಜನೆಯ ಹಿಂದೆ ಇದ್ದವರು ಅದೇ ಇಯಾನ್ ಗ್ಯಾಸ್. ಟ್ರೂಡೋಸ್ ಕಡಲ ತಳವೇ ಎಂದು ಮೊದಲು ಕೇಳಿದವರ ಮನೆಯಿಂದಲೇ ‘ಹೌದು, ಆದರೆ ನೀವಂದುಕೊಂಡ ಕಡಲಲ್ಲ’ ಎಂಬ ಉತ್ತರ ಬಂತು.

ಮೂರ್ಸ್ ಮಾತ್ರ ಪೂರ್ತಿ ಒಪ್ಪಲಿಲ್ಲ. ಟ್ರೂಡೋಸ್ ಮೇಲೆ ದೊಡ್ಡ ಜ್ವಾಲಾಮುಖಿಗಳ ಗುರುತು ಎಲ್ಲಿದೆ ಎಂಬುದು ಅವರಂಥವರ ಪ್ರಶ್ನೆ. ದ್ವೀಪಕಮಾನು ಹತ್ತಿರದಲ್ಲಿದ್ದರೆ ಬೂದಿಯ ದಪ್ಪ ರಾಶಿ ಬೀಳಬೇಕಿತ್ತು. ಆದರೆ ಲಾವಾದ ಮೇಲೆ ನೇರವಾಗಿ ಕೂತಿರುವುದು ಅಂಬರ್, ಅಂದರೆ ಕಬ್ಬಿಣ-ಮ್ಯಾಂಗನೀಸ್ ತುಂಬಿದ, ಚಿತ್ರಕಾರರು ಬಣ್ಣಕ್ಕೆ ಬಳಸುವ ಕಂದು ಮಣ್ಣು. ಬೂದಿ ಬೆರೆತ ಪದರ ದ್ವೀಪದ ಪಶ್ಚಿಮದ ಕನ್ನವಿಯು ಕಡೆ ಇದೆ, ಎಲ್ಲೆಡೆ ಇಲ್ಲ. 2000ದಲ್ಲಿ ಮೂರ್ಸ್ ಮತ್ತು ಜೊತೆಗಾರರು ಇನ್ನೊಂದು ವಿವರಣೆ ಕೊಟ್ಟರು: ಹಿಂದೆಂದೋ ಫಲಕ ನುಗ್ಗಿ ಒದ್ದೆಯಾದ ಮ್ಯಾಂಟಲ್ ಬೇರೆ ಕಡೆಗೆ ಹರಿದು ಬಂದು, ನಡುಸಾಗರದ ಕೆಳಗೆ ಕರಗಿರಬಹುದು. ಲಾವಾದ ರುಚಿ ಅದು ಹುಟ್ಟಿದ ಜಾಗವನ್ನಲ್ಲ, ಮ್ಯಾಂಟಲ್‌ನ ಹಳೆಯ ಚರಿತ್ರೆಯನ್ನು ಹೇಳುತ್ತಿರಬಹುದು. ಹೆಚ್ಚಿನವರು ಇದನ್ನು ಒಪ್ಪಿಲ್ಲ. ನನಗೂ ಇದು ಸ್ವಲ್ಪ ಸುತ್ತುಬಳಸಿನ ದಾರಿ ಅನ್ನಿಸುತ್ತದೆ. ಆದರೂ ಬೂದಿಯ ಪ್ರಶ್ನೆ ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತಾ ಹೋದದ್ದರಿಂದಲೇ ಮುಂದಿನ ಹೆಜ್ಜೆ ಬಂತು.

ಬೆಳೆದು ನಿಂತ ದ್ವೀಪಕಮಾನಿನ ಬಳಿ ಬೂದಿ ಬೀಳುತ್ತದೆ, ಸರಿ. ದ್ವೀಪಕಮಾನು ಇನ್ನೂ ಹುಟ್ಟದ ಹೊತ್ತಿನಲ್ಲಿ? ಒಂದು ಫಲಕ ಮುಳುಗಲು ಈಗಷ್ಟೇ ಶುರುಮಾಡಿದೆ ಎಂದುಕೊಳ್ಳಿ. ಅದು ಕುಸಿಯುತ್ತಾ ಹಿಂದಕ್ಕೆ ಜಾರಿದಂತೆ ಮೇಲಿನ ಫಲಕದ ಅಂಚು ಎಳೆಯಲ್ಪಟ್ಟು ಬಿರುಕು ಬಿಡುತ್ತದೆ. ಬಿರುಕಿಗೆ ಶಿಲಾಪಾಕ ನುಗ್ಗುತ್ತದೆ. ಮೊದಲು ಬರುವುದು ಹೆಚ್ಚೂಕಡಿಮೆ ಒಣ ಲಾವಾ. ಕೆಳಗಿನ ನೀರು ಸೇರುತ್ತಾ ಬಂದಂತೆ ಅದು ಒದ್ದೆಯಾಗುತ್ತದೆ, ಕೊನೆಗೆ ಬೋನಿನೈಟ್. ಸ್ಟರ್ನ್ ಮತ್ತು ಬ್ಲೂಮರ್ 1992ರಲ್ಲಿ ಇಜು-ಬೋನಿನ್-ಮರಿಯಾನಾ ಪ್ರದೇಶಕ್ಕೆ ಇಂಥ ವಿವರಣೆ ಕೊಟ್ಟಿದ್ದರು. 2014ರಲ್ಲಿ ಅಂತರರಾಷ್ಟ್ರೀಯ ಕೊರೆತ ಯಾತ್ರೆ 352 ಜಪಾನಿನ ದಕ್ಷಿಣಕ್ಕೆ, ಬೋನಿನ್ ದ್ವೀಪಗಳ ಮುಂದಿನ ಕಡಲಲ್ಲಿ, ನಾಲ್ಕು ಜಾಗಗಳಲ್ಲಿ ಕೊರೆಯಿತು. ಎರಡರಲ್ಲಿ ಆರಂಭದ ಬಸಾಲ್ಟ್, ಎರಡರಲ್ಲಿ ಬೋನಿನೈಟ್. ಬೋನಿನೈಟ್‌ಗೆ ಹೆಸರು ಕೊಟ್ಟ ದ್ವೀಪಗಳೇ ಅವು. ನೆಲದ ಮೇಲೆ ಸೈಪ್ರಸ್‌ನಲ್ಲಿ ಓದಿದ್ದನ್ನು ಸರಿಯೇ ಎಂದು ನೋಡಲು ಕಡಲಿಗೆ ಇಳಿಯಬೇಕಾಯಿತು. ಎಲ್ಲ ಶುರುವಾದದ್ದು ಕಡಲಿಗೆ ಇಳಿಯುವ ಕಷ್ಟ ತಪ್ಪಲಿ ಎಂದು ತಾನೇ?

ತಾಮ್ರ ಮತ್ತು ಬಿಸಿನೀರು

ಹಾಗಾದರೆ ಟ್ರೂಡೋಸ್ ಮಾದರಿ ಎಂದು ಬರೆದದ್ದೆಲ್ಲ ಕಸವೇ? ಅಲ್ಲ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನೋಡಲು ತಾಮ್ರ ಒಳ್ಳೆಯ ಉದಾಹರಣೆ.

ಲ್ಯಾಟಿನ್‌ನಲ್ಲಿ ತಾಮ್ರಕ್ಕೆ ಹೆಸರು ಬಂದದ್ದೇ ಸೈಪ್ರಸ್‌ನಿಂದ. ಸ್ಕೂರಿಯೋಟಿಸ್ಸಾದಂಥ ಗಣಿಗಳು ಬಹಳ ಹಿಂದಿನವು. ಅದಿರು ಇರುವುದು ದಿಂಬು ಲಾವಾದ ನಡುವೆ, ದಿಬ್ಬದಂಥ ಗುಡ್ಡೆಗಳಾಗಿ. ಅದು ಅಲ್ಲಿಗೆ ಹೇಗೆ ಬಂತು? ಕಡಲನೀರು ಬಿರುಕುಗಳಿಂದ ಕೆಳಗಿಳಿದು, ಶಿಲಾಪಾಕದ ಬಿಸಿಗೆ ಕಾದು, ಕಲ್ಲಿನಿಂದ ಲೋಹ ಕರಗಿಸಿಕೊಂಡು, ಮತ್ತೆ ಚಿಮ್ಮಿ ತಳದಲ್ಲಿ ಲೋಹ ಕೆಡವಿತು ಎಂದು ಟ್ರೂಡೋಸ್ ನೋಡಿದವರು 1970ರ ದಶಕದ ಆರಂಭದಲ್ಲೇ ವಾದಿಸುತ್ತಿದ್ದರು. ನಿಜವಾದ ಕಡಲ ತಳದಲ್ಲಿ ಕಪ್ಪು ಹೊಗೆಯಂಥ ಬಿಸಿನೀರು ಉಗುಳುವ ಚಿಮಣಿಗಳು ಕಣ್ಣಿಗೆ ಬಿದ್ದದ್ದು 1979ರಲ್ಲಿ, ಪೂರ್ವ ಪೆಸಿಫಿಕ್‌ನಲ್ಲಿ. 1984ರಲ್ಲಿ ಔಡಿನ್ ಮತ್ತು ಸೈಪ್ರಸ್ಸಿನ ಕಾನ್‌ಸ್ಟಾಂಟಿನೂ ಅಂಥದ್ದೇ ಚಿಮಣಿಯ ಚೂರುಗಳನ್ನು ಸೈಪ್ರಸ್ಸಿನ ಅದಿರಿನೊಳಗೇ ಗುರುತಿಸಿದರು.

ಲೋಹ ಎಲ್ಲಿಂದ ಬಂತು ಎಂಬುದಕ್ಕೂ ಡೈಕ್‌ಗಳೇ ಸಾಕ್ಷಿ. ಡೈಕ್ ಪದರದ ಬುಡದಲ್ಲಿ ಕೆಲವು ಕಡೆ ಕಲ್ಲು ಬೂದು ಬಣ್ಣ ಬಿಟ್ಟು ಪಿಸ್ತಾ ಹಸಿರಿಗೆ ತಿರುಗಿದೆ. ಡೈಕಿನ ಉದ್ದಕ್ಕೂ ಹಸಿರು ಪಟ್ಟಿಗಳು. ಎಪಿಡೋಸೈಟ್ ಎಂದು ಹೆಸರು. ಅದರಲ್ಲಿ ತಾಮ್ರ, ಸತು ಹೆಚ್ಚೂಕಡಿಮೆ ಖಾಲಿ. ಬಿಸಿನೀರು ತೊಳೆದು ಒಯ್ದುಬಿಟ್ಟಿದೆ. ಕ್ಯಾನ್ ಸೇರಿದಂತೆ ನಾಲ್ವರು 1987ರಲ್ಲಿ ಇದನ್ನು ಪ್ರಕಟಿಸಿದರು. ಮೇಲೆ ಅದಿರು, ಕೆಳಗೆ ಅದಿರು ಕಳೆದುಕೊಂಡ ಕಲ್ಲು, ನಡುವೆ ಹಾದಿ. ಕಡಲ ತಳದಲ್ಲಿ ಚಿಮಣಿಯ ಬಾಯಿ ಕಾಣುತ್ತದೆ, ಬೇರು ಕಾಣುವುದಿಲ್ಲ. ಟ್ರೂಡೋಸ್‌ನಲ್ಲಿ ಬೇರನ್ನು ಕೈಯಿಂದ ಮುಟ್ಟಬಹುದು.

ಡೈಕ್ ಹೇಗೆ ನುಗ್ಗುತ್ತದೆ, ತೊಗಟೆ ಹೇಗೆ ಸೀಳುತ್ತದೆ, ನೀರು ಎಷ್ಟು ಆಳಕ್ಕೆ ಇಳಿಯುತ್ತದೆ, ಇವನ್ನು ಟ್ರೂಡೋಸ್‌ನಿಂದ ಕಲಿತು ನಡುಸಾಗರಕ್ಕೆ ಅನ್ವಯಿಸಲು ಇಂದೂ ಯಾರೂ ಹಿಂಜರಿಯುವುದಿಲ್ಲ. ಲಾವಾದ ರಸಾಯನ ಕೇಳಿದರೆ ಮಾತ್ರ ಕೈ ಆಡಿಸುತ್ತಾರೆ. ನಡುವೆ ಒಂದಷ್ಟು ಬೂದುಜಾಗ ಇದೆ, ಕೆಲಸ ಜಾಸ್ತಿ ಅಲ್ಲೇ. ಉದಾಹರಣೆಗೆ, ಬಿಸಿನೀರು ಕಲ್ಲಿನಿಂದ ಎಷ್ಟು ತಾಮ್ರ ತೊಳೆಯಿತು ಎಂಬ ಲೆಕ್ಕ. ತೊಳೆಯುವ ಕ್ರಿಯೆ ಎರಡೂ ಕಡೆ ಒಂದೇ. ಆದರೆ ಒದ್ದೆ ಶಿಲಾಪಾಕದಲ್ಲಿ ತಾಮ್ರ ನಡೆದುಕೊಳ್ಳುವ ರೀತಿ ಬೇರೆ. ಹಾಗಾಗಿ ತೊಳೆಯುವ ಮುಂಚೆ ಕಲ್ಲಿನಲ್ಲಿ ಎಷ್ಟಿತ್ತು ಎಂಬ ಆರಂಭದ ಅಂಕಿ ನಡುಸಾಗರದಿಂದ ತಂದರೆ ನಡೆಯುವುದಿಲ್ಲ. ಅದಕ್ಕೆ ಮತ್ತೆ ದಿಂಬಿನ ಅಂಚಿನ ಆ ಕಪ್ಪು ಗಾಜಿನ ಪಟ್ಟಿಗೇ ಹೋಗಬೇಕು.